ಎರಡನೆಯ ಡಬ್ಬಿ

ಅಕ್ಕ ಹೊಸ ಡಬ್ಬಿಯ ಮುಚ್ಚಳ ತಿರುಗಿಸಿ, ಬೆರಳ ತುದಿಯಲ್ಲಿ ಒಂದಿಷ್ಟು ಕ್ರೀಮು ತೆಗೆದು, ಹೆಬ್ಬೆರಳಿನಿಂದ ತಿಕ್ಕಿ ನೋಡಿ, “ಹಳೇದರಷ್ಟು ಗಟ್ಟಿ ಇಲ್ಲ. ನೀರು ಗೀರು ಬೆರೆಸಿದೀಯಾ?” ಎಂದಾಗ ಅವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬೆಳಗಿನ ಎಂಟು ಗಂಟೆ. ಅಡುಗೆಮನೆಯಲ್ಲಿ ಹಳದಿ ಬಲ್ಬು ಉರಿಯುತ್ತಿತ್ತು. ಈ ಮನೆಯಲ್ಲಿ ಬಲ್ಬು ಉರಿಯುವುದು ಹಗಲಿನಲ್ಲಿ, ಪರದೆ ಸರಿಯುವುದು ಸೂರ್ಯ ಮುಳುಗಿದ ಮೇಲೆ; ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ. ಬಿಸಿಲು ತಾಗಿದರೆ ಅವಳ ಚರ್ಮ ಮೊದಲು ಕಿವಿಯ ಹತ್ತಿರ ಕೆಂಪಾಗುತ್ತದೆ, ಸಂಜೆಗೆ ಊದಿಕೊಳ್ಳುತ್ತದೆ, ಮರುದಿನ ನೀರುಗುಳ್ಳೆ ಎದ್ದು ಒಡೆಯುತ್ತದೆ. ಹುಟ್ಟಿದಾಗಿನಿಂದ ಹೀಗೆ. ಎಡಗಣ್ಣು ಆಗಲೇ ಮಂಜಾಗಿತ್ತು. ಇನ್ನೊಂದು ಸಲ ಮುಖ ಹಾಗೆ ಸುಟ್ಟರೆ ಬಲಗಣ್ಣಿಗೆ ತಾನು ಜವಾಬ್ದಾರನಲ್ಲ ಎಂದು ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಐವತ್ತೈದು ವರ್ಷ ಹಗಲನ್ನು ಪರದೆಯ ಸಂದಿಯಲ್ಲೇ ನೋಡಿದ ಇಂಥವಳಿಗೆ ಹೊರಗೆ ಹೋಗುವ ದಾರಿಯನ್ನೇ ಡಬ್ಬಿಯಲ್ಲಿ ತುಂಬಿ ಕೊಟ್ಟರೆ ಅದರ ಗಟ್ಟಿ ತೆಳು ನೋಡುತ್ತಾಳೆ. ಮೊಸರಿನಲ್ಲಿ ಕಲ್ಲು ಹುಡುಕುವ ಬುದ್ಧಿ. ಒಂದು ದಿನವಾದರೂ ಕೊಟ್ಟದ್ದನ್ನು ಸುಮ್ಮನೆ ಇಸಿದುಕೊಂಡದ್ದುಂಟೇ?

“ನೀರು ಬೆರೆಸೋಕೆ ಅದೇನು ಹಾಲಾ?” ಎಂದ.

“ಇದ್ದದ್ದು ಹೇಳಿದ್ರೆ ಎದ್ದು ಬಂದು ಎದೆಗೆ ಒದೀತೀಯ,” ಎಂದು ಅವಳು ಕ್ರೀಮನ್ನು ಕತ್ತಿಗೆ ಸವರಿಕೊಂಡಳು. “ಹನ್ನೊಂದಕ್ಕೆ ಹೊರಡ್ತೀನಿ. ಚಪ್ಪಲಿ ಅಂಗಡಿ ಹತ್ತೂವರೆಗೆ ತೆಗೀತಾರಂತೆ.”

“ಸಂಜೆ ಹೋಗಬಾರದಾ? ಅಂಗಡಿ ಏನು ಓಡಿಹೋಗುತ್ತಾ?”

“ಸಂಜೆ ಹೋಗೋದಾದ್ರೆ ನಿನ್ನ ಕ್ರೀಮು ಯಾಕೆ ಬೇಕಿತ್ತು? ಹಲ್ಲು ಉಜ್ಜೋಕಾ?”

ಚಪ್ಪಲಿಯ ವಿಷಯ ಹೊಸದಲ್ಲ. ಅವಳ ಚಪ್ಪಲಿಗಳನ್ನೆಲ್ಲ ತರುತ್ತಿದ್ದವನು ಅವನೇ. ಹಳೆಯ ಪೇಪರಿನ ಮೇಲೆ ಅವಳನ್ನು ನಿಲ್ಲಿಸಿ, ಮಂಡಿಯೂರಿ ಕೂತು, ಪಾದದ ಸುತ್ತ ಪೆನ್ಸಿಲ್ಲು ಎಳೆದು, ಆ ಪೇಪರನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುತ್ತಿದ್ದ. ತಂದ ಚಪ್ಪಲಿ ಪ್ರತಿಸಲವೂ ಒಂದು ಬೆರಳು ಉದ್ದ. ಅಕ್ಕ ಅದನ್ನು ಪಟಪಟ ಬಡಿಯುತ್ತ ವರ್ಷವಿಡೀ ಮನೆಯೊಳಗೆ ಓಡಾಡುತ್ತಿದ್ದಳು. ಸದ್ದು ಮಾಡುವುದಕ್ಕೆಂದೇ ಹಾಗೆ ಓಡಾಡುತ್ತಾಳೆ ಎಂದು ಅವನಿಗೆ ಖಾತ್ರಿಯಿತ್ತು. ಈಗ ಅವಳ ಆಸೆ ಒಂದೇ: ಹಗಲು ಹೊತ್ತಿನಲ್ಲಿ, ಜನ ನೋಡುವಂತೆ, ತಾನೇ ನಡೆದುಹೋಗಿ, ತನ್ನ ಕಾಲನ್ನು ತಾನೇ ಚಪ್ಪಲಿಗೆ ತೂರಿಸಿ ನೋಡಬೇಕು. ಅದನ್ನು ಅವಳು ಆಸೆ ಎಂದು ಹೇಳಲಿಲ್ಲ, ದೂರು ಎಂಬಂತೆ ಹೇಳಿದ್ದಳು. ಹಳೆಯ ಡಬ್ಬಿಯನ್ನು ತೊಳೆದು ಅದರಲ್ಲಿ ಆಗಲೇ ಸೇಫ್ಟಿ ಪಿನ್ನು ತುಂಬಿಟ್ಟಿದ್ದಳು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಕೋಪ ಇಳಿಯಲಿಲ್ಲ. ನೀರು ಬೆರೆಸಿದೀಯಾ ಅಂತೆ. ಮೊದಲ ಡಬ್ಬಿ ಕೊಟ್ಟಾಗಲೂ ಹೀಗೇ ಮೂಗು ಮುರಿದಿದ್ದಳು. ಎಡ ಮಣಿಕಟ್ಟಿಗೆ ಹಚ್ಚಿ, ಬಲ ಮಣಿಕಟ್ಟನ್ನು ಹಾಗೇ ಬಿಟ್ಟು, ಎರಡನ್ನೂ ಪರದೆಯ ಸಂದಿಯಿಂದ ಬರುವ ಬಿಸಿಲಿಗೆ ಹಿಡಿದು, ಗಡಿಯಾರ ನೋಡುತ್ತ ಹತ್ತು ನಿಮಿಷ ಕೂತಿದ್ದಳು. ಸಂಜೆ ಬಲಗೈ ಕೆಂಪಗೆ ಊದಿತ್ತು, ಎಡಗೈ ಹಾಗೇ ಇತ್ತು. ಎಡಗೈಯನ್ನು ಬಲ್ಬಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದ ಅಕ್ಕ ಶಹಬ್ಬಾಸ್ ಎನ್ನಲಿಲ್ಲ. “ಹೂಂ, ಪರವಾಗಿಲ್ಲ,” ಎಂದಳು. ಆ ‘ಪರವಾಗಿಲ್ಲ’ವನ್ನು ಅವನು ಒಂದು ತಿಂಗಳು ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಓಡಾಡಿದ. ಆಮೇಲೆ ಮೊಣಕೈ, ಆಮೇಲೆ ಕತ್ತು, ಆಮೇಲೆ ಹಿತ್ತಲ ಬಾಗಿಲಲ್ಲಿ ಕಾಲು ಗಂಟೆ. ಎಲ್ಲವೂ ಮೊದಲ ಡಬ್ಬಿಯ ಪುಣ್ಯ. ಅದು ಕದ್ದದ್ದು, ನಿಜ. ಅವನು ಕೆಲಸ ಮಾಡುವ ಲ್ಯಾಬಿನಿಂದ ಒಂದು ಹನಿ ಹೊರಗೆ ಹೋದರೂ ಕೆಲಸ ಹೋಗುತ್ತದೆ. ಭಾನುವಾರ ಯಾರೂ ಇಲ್ಲದಾಗ ರಸ ತೆಗೆದು ಸಾದಾ ಕ್ರೀಮಿಗೆ ಕಲಸಿ ಊಟದ ಡಬ್ಬಿಯಲ್ಲಿ ತಂದಿದ್ದ. ಎರಡನೆಯದನ್ನೂ ಹಾಗೇ, ಮೊನ್ನೆ ಭಾನುವಾರ. ಎದುರು ಸೀಟಿನ ಹೆಂಗಸು ಕಿಟಕಿಯ ಬಿಸಿಲಿಗೆ ಮುಖ ಒಡ್ಡಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಯಾವ ಪುಣ್ಯ ಮಾಡಿದ್ದಾಳೋ, ತಲೆಯ ಮೇಲೆ ತಲೆ ಬಿದ್ದರೂ ಏಳುವ ಹಾಗೆ ಕಾಣಲಿಲ್ಲ. ಅವನಿಗೆ ಅವಳ ಮೇಲೂ ಸಿಟ್ಟು ಬಂತು.

ಲ್ಯಾಬು ಮೂರನೆಯ ಮಹಡಿಯಲ್ಲಿ. ಮೆಟ್ಟಿಲಲ್ಲೇ ಬೇಕರಿಯ ಹಿಂಬಾಗಿಲಿನ ವಾಸನೆ ಬರುತ್ತದೆ, ಏಕೆಂದರೆ ಅಲ್ಲಿ ಬೆಳೆಸುವುದು ಬ್ರೆಡ್ಡು ಉಬ್ಬಿಸುವ ಅದೇ ಯೀಸ್ಟು. ಸಮುದ್ರದ ಪಾಚಿ ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಒಂದು ವಸ್ತುವನ್ನು ಮಾಡಿಕೊಳ್ಳುತ್ತದೆ. ಆ ವಿದ್ಯೆಯ ಗುಟ್ಟನ್ನು ಪಾಚಿಯ ಜೀನಿನಿಂದ ತೆಗೆದು ಯೀಸ್ಟಿನೊಳಗೆ ಸೇರಿಸಿ, ಫ್ಲಾಸ್ಕಿನಲ್ಲಿ ಕಲಕುತ್ತ ಬೆಳೆಸಿದರೆ ಯೀಸ್ಟೂ ಅದನ್ನು ಮಾಡಿಕೊಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇದೆಯೋ ಇಲ್ಲವೋ ಎಂದು ಕಣ್ಣು ಹೇಳಲಾರದು, ಯಂತ್ರವೇ ಹೇಳಬೇಕು: ಇದ್ದರೆ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ, ಇಲ್ಲದಿದ್ದರೆ ಅಡ್ಡಗೆರೆ. ಹತ್ತು ವರ್ಷ ಹಗಲಿರುಳು ಈ ಗುಡ್ಡವನ್ನು ಮೊಳದಿಂದ ಮಾರಿಗೆ ಬೆಳೆಸಿದವನು ಅವನು. ಆರು ತಿಂಗಳ ಹಿಂದೆ ಡೈರೆಕ್ಟರು ಅವನನ್ನು ಕರೆದು, ಕೂರಿಸಿ, ಬಿಸ್ಕತ್ತಿನ ತಟ್ಟೆಯನ್ನು ಮುಂದಕ್ಕೆ ತಳ್ಳಿ, “ಇನ್ನು ಡೀಪ್ ಫ್ರೀಜರಿನ ಬೀಗದಕೈ ಮೇಡಂ ಹತ್ರ ಇರಲಿ. ನಿಮಗೂ ಭಾರ ಕಮ್ಮಿ,” ಎಂದರು. ಬೀಗದಕೈ ಎಷ್ಟು ಭಾರ ಎಂದು ಕೇಳಬೇಕೆನಿಸಿತು. ಬಿಸ್ಕತ್ತು ತಿಂದು ಎದ್ದು ಬಂದ.

ಮೇಡಂ ಎಂದರೆ ಪಿಪೆಟ್ಟು. ಒಂಬತ್ತು ವರ್ಷದ ಹಿಂದೆ ಟ್ರೈನಿಯಾಗಿ ಬಂದ ಮೊದಲ ದಿನ ಹನಿ ಅಳೆಯುವ ಪಿಪೆಟ್ಟನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದ ಹುಡುಗಿ. ಆ ಹೆಸರು ಇಟ್ಟವನೂ ಅವನೇ, ಈಗ ಆ ಹೆಸರು ಕರೆಯುತ್ತಿರುವುದೂ ಅವನೊಬ್ಬನೇ, ಅದೂ ಮನಸ್ಸಿನಲ್ಲಿ. ಅವಳು ಎಲ್ಲಿಗೋ ಹೋಗಿ ಡಾಕ್ಟರೇಟು ಮಾಡಿಕೊಂಡು ಅವನ ಮೇಲಿನವಳಾಗಿ ವಾಪಸು ಬಂದಳು. ಬಂದವಳು ಸೊಕ್ಕು ತೋರಿಸಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಈಗಲೂ ‘ಸರ್’ ಎನ್ನುತ್ತಾಳೆ, ಅವನು ಬಂದರೆ ಕುರ್ಚಿಯಿಂದ ಅರ್ಧ ಏಳುತ್ತಾಳೆ. ಆ ಅರ್ಧ ಏಳುವಿಕೆಯನ್ನು ಅವನು ದ್ವೇಷಿಸುತ್ತಿದ್ದ. ಫ್ರೀಜರಿನಿಂದ ಮೂಲ ಯೀಸ್ಟಿನ ಒಂದು ಸೀಸೆ ಬೇಕಾದರೆ ಅವಳ ರೂಮಿಗೆ ಹೋಗಿ, ಬೀಗದಕೈ ಕೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು; ಅವಳು ಅರ್ಧ ಎದ್ದು, ನಕ್ಕು, ಬೀಗದಕೈಯನ್ನು ಎರಡೂ ಕೈಯಲ್ಲಿ ಕೊಡುತ್ತಾಳೆ. ಮೂರು ಸಲ ಕೇಳಿದ. ನಾಲ್ಕನೆಯ ಸಲ ಬಾಗಿಲ ತನಕ ಹೋಗಿ ವಾಪಸು ಬಂದ. ಫ್ಲಾಸ್ಕು ಚೆನ್ನಾಗಿಯೇ ಬೆಳೆದಿತ್ತಲ್ಲ. ಅದರಿಂದಲೇ ಒಂದು ಚಮಚದಷ್ಟು ತೆಗೆದು ಹೊಸ ಫ್ಲಾಸ್ಕಿಗೆ ಹಾಕಿದ. ಮುಂದಿನ ಸೋಮವಾರ ಅದರಿಂದ ಇನ್ನೊಂದಕ್ಕೆ. ಯಾರನ್ನೂ ಬೇಡಬೇಕಾಗಿಲ್ಲ. ಗುಡ್ಡ ತೋರಿಸುವ ಯಂತ್ರವೂ ಅವಳ ರೂಮಿನಲ್ಲೇ ಇದ್ದದ್ದರಿಂದ ಅದರ ತಂಟೆಗೂ ಹೋಗಲಿಲ್ಲ. ಇಷ್ಟು ವರ್ಷದ ಕೈ, ಫ್ಲಾಸ್ಕನ್ನು ಅಲ್ಲಾಡಿಸಿದರೆ ಗೊತ್ತಾಗುವುದಿಲ್ಲವೇ?

ಆ ದಿನ ಮೂರು ತಿಂಗಳಿಗೊಮ್ಮೆ ಕೊಡುವ ವರದಿಯ ದಿನ. ಒಂಬತ್ತೂವರೆಗೆ ಅವಳೇ ಬಂದು ಫ್ಲಾಸ್ಕಿನಿಂದ ಒಂದಿಷ್ಟು ತೆಗೆದುಕೊಂಡು ಹೋದಳು. ಹತ್ತೂ ಕಾಲಿಗೆ ತನ್ನ ರೂಮಿನ ಬಾಗಿಲಲ್ಲಿ ನಿಂತು, “ಸರ್, ಒಂದು ನಿಮಿಷ ಬರ್ತೀರಾ?” ಎಂದಳು. ಯಂತ್ರದ ಪರದೆಯ ಮೇಲೆ ಒಂದು ಗೆರೆ ಇತ್ತು. ಈ ತುದಿಯಿಂದ ಆ ತುದಿಗೆ, ಗುದ್ದಲಿಯಿಂದ ಸಮ ಮಾಡಿದ ನೆಲದ ಹಾಗೆ.

“ಸರ್, ಇದರಲ್ಲಿ ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ಯೀಸ್ಟಿದೆ. ಚೆನ್ನಾಗೇ ಬೆಳೆದಿದೆ. ನಮ್ಮ ವಸ್ತು ಇಲ್ಲ.”

ಅವನಿಗೆ ಮೊದಲು ಹೊಳೆದದ್ದು ಡಬ್ಬಿ. ಗೆರೆಯನ್ನು ನೋಡಿದ ಕ್ಷಣವೇ ಹೊಳೆಯಿತು, ಆಮೇಲೆ ಎಷ್ಟು ಸಲ ತನಗೆ ತಾನೇ ಬೇರೆ ಥರ ಹೇಳಿಕೊಂಡರೂ ಇದು ಸುಳ್ಳಾಗುವುದಿಲ್ಲ. ಅಕ್ಕ ಬೆರಳು ತಿಕ್ಕುತ್ತಿರುವುದು ಕಾಣಿಸಿತು. ಗೋಡೆಯ ಗಡಿಯಾರ ಹತ್ತೂ ಹದಿನೇಳು ತೋರಿಸುತ್ತಿತ್ತು. ಅಕ್ಕ ಹೊರಡುವುದಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಒಂದು ಫೋನು ಮಾಡಿದರೆ ಆಗುತ್ತಿತ್ತು. ಫೋನುಗಳನ್ನು ಲ್ಯಾಬಿನೊಳಗೆ ತರುವಂತಿಲ್ಲ, ಎಲ್ಲರವೂ ಇವಳ ಬೆನ್ನ ಹಿಂದಿನ ಕಪಾಟಿನಲ್ಲಿ, ಅದರ ಬೀಗದಕೈಯೂ ಇವಳ ಸೊಂಟದಲ್ಲಿ. ಕೇಳಬೇಕು. ಈ ಗೆರೆಯ ಮುಂದೆ ನಿಂತು, ಈ ಮುಖವನ್ನು ನೋಡಿಕೊಂಡು, ಇವಳನ್ನು ಕೇಳಬೇಕು. ಅವನ ಬಾಯಿಂದ ಬಂದ ಮಾತೇ ಬೇರೆ.

“ನಿಮ್ಮ ಯಂತ್ರದ ದೀಪ ಸರಿ ಇಲ್ಲ.”

“ನಿನ್ನೆ ತಾನೇ ಸರ್ವಿಸ್ ಆಗಿದೆ ಸರ್.”

“ಹಾಗಾದ್ರೆ ರಸ ತೆಗೆದದ್ದು ಸರಿಯಿಲ್ಲ. ಯಾರು ತೆಗೆದದ್ದು?”

“ನಾನೇ.”

“ಅದೇ ಮತ್ತೆ,” ಎಂದ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ಅವನಿಗೆ ಖುಷಿಯಾಯಿತು, ಇದನ್ನೂ ಮುಚ್ಚಿಡುವಂತಿಲ್ಲ. “ಇನ್ನೊಂದು ಸಲ ಮಾಡೋಣ. ನಾನೇ ತೆಗೀತೀನಿ. ಎಲ್ಲಾ ಮೊದಲಿಂದ.”

“ಮುಕ್ಕಾಲು ಗಂಟೆ ಆಗುತ್ತೆ ಸರ್.”

“ಆಗಲಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಇದೇ ಹುಡುಗಿಗೆ ಅವನು ಎಷ್ಟು ಸಲ ಹೇಳಿದ್ದಾನೆ! ಅವಳಿಗೂ ನೆನಪಾಗಿರಬೇಕು, ತುಟಿ ಬಿಗಿ ಹಿಡಿದಿದ್ದಳು. ಅವನು ಕೈಗವಸು ಹಾಕಿಕೊಂಡು ಫ್ಲಾಸ್ಕನ್ನು ಎತ್ತಿದ, ಸಣ್ಣ ಟ್ಯೂಬುಗಳಿಗೆ ಹಂಚಿದ, ಯೀಸ್ಟನ್ನು ಒಡೆಯುವ ಗಾಜಿನ ಮಣಿಗಳನ್ನು ಹಾಕಿದ, ಅಲುಗಾಡಿಸುವ ಯಂತ್ರಕ್ಕೆ ಕೊಟ್ಟ. ಕೈಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದವು! ಒಂದು ಹನಿ ಚೆಲ್ಲಲಿಲ್ಲ. ಎರಡನೆಯ ಸಲ ಗುಡ್ಡ ಎದ್ದರೆ ಫೋನು ಕೇಳುವ ಪ್ರಮೇಯವೇ ಇಲ್ಲ, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಏಳದಿದ್ದರೆ ಆಗ ಕೇಳಿದರಾಯಿತು. ಅಕ್ಕ ಹೊರಡುವುದು ಹನ್ನೊಂದಕ್ಕೆ ಎಂದರೆ ಹನ್ನೊಂದೂವರೆ ಆಗುತ್ತದೆ. ಹೆಂಗಸರು ಹೊರಡುವುದೆಂದರೆ ಸುಮ್ಮನೆಯೇ? ಹಾಗೆಂದುಕೊಂಡವನಿಗೆ, ಅಕ್ಕ ಹಗಲಿನಲ್ಲಿ ಒಮ್ಮೆಯೂ ಎಲ್ಲಿಗೂ ಒಬ್ಬಳೇ ಹೊರಟವಳಲ್ಲ, ಹೊರಡುವುದಕ್ಕೆ ಎಷ್ಟು ಹೊತ್ತು ಮಾಡುತ್ತಾಳೆಂದು ತನಗೆ ಗೊತ್ತಿಲ್ಲ ಎಂಬುದು ಆಮೇಲೆ ತಟ್ಟಿತು. ನೂರರವರೆಗೆ ಎಣಿಸಿದರಾಯಿತು ಎಂದುಕೊಂಡಿದ್ದ ಆವತ್ತೂ ಹೀಗೇ. ಹನ್ನೊಂದು ವರ್ಷ ಅವನಿಗೆ, ಅಕ್ಕನಿಗೆ ಹದಿನೈದು. ಲೆಕ್ಕದಲ್ಲಿ ಫೇಲಾದ ಮಾರ್ಕ್ಸ್ ಕಾರ್ಡನ್ನು ಅವನು ಬಚ್ಚಿಟ್ಟದ್ದನ್ನು ಅವಳು ಅಮ್ಮನಿಗೆ ಹೇಳಿ, ಅಮ್ಮ ಸೌಟಿನಲ್ಲಿ ಬಾರಿಸಿದ್ದಳು. ಮಧ್ಯಾಹ್ನ ಅಕ್ಕ ಕಿಟಕಿಯ ಕೆಳಗೆ ಮಲಗಿ ನಿದ್ದೆ ಹೋಗಿದ್ದಳು. ಅವನು ಪರದೆಯನ್ನು ಒಂದು ಗೇಣು ಸರಿಸಿದ. ಬಿಸಿಲು ಸರಿಯಾಗಿ ಅವಳ ಎಡಗೆನ್ನೆಯ ಮೇಲೆ, ರೆಪ್ಪೆಯ ಮೇಲೆ ಬಿತ್ತು. ನೂರು ಎಣಿಸಿ ಮತ್ತೆ ಎಳೆದುಬಿಡುತ್ತೇನೆ, ಬರೀ ನೂರು, ಅಷ್ಟರಿಂದ ಏನೂ ಆಗುವುದಿಲ್ಲ. ನಲವತ್ತೋ ಐವತ್ತೋ ಎಣಿಸುವಾಗ ಹೊರಗಿನಿಂದ ಗೆಳೆಯರು ಆಟಕ್ಕೆ ಕೂಗಿದರು. ಅಮ್ಮ ಕೇಳಿದಾಗ ಗಾಳಿಗೆ ಪರದೆ ಸರಿದಿರಬೇಕು ಎಂದ. ಅಕ್ಕನ ಮುಖಕ್ಕೆ ಬಟ್ಟೆ ಸುತ್ತಿದ್ದರು, ಅವಳು ಮಾತಾಡಲಿಲ್ಲ. ಆಮೇಲೆಯೂ ಆ ದಿನದ ಬಗ್ಗೆ ಯಾವತ್ತೂ ಒಂದು ಮಾತು ಆಡಲಿಲ್ಲ. ಅವಳಿಗೆ ಗೊತ್ತೋ ಗೊತ್ತಿಲ್ಲವೋ ಎಂದು ನಲವತ್ತು ವರ್ಷದಿಂದ ಅವಳ ಒಳ್ಳೆಯ ಕಣ್ಣಿನಲ್ಲಿ ಹುಡುಕುತ್ತಲೇ ಇದ್ದಾನೆ. ರಸ ಬೇರ್ಪಡಿಸುವ ಸೆಂಟ್ರಿಫ್ಯೂಜು ಗುಂಯ್ಗುಟ್ಟಿ ನಿಂತಿತು. ಹತ್ತೂ ಐವತ್ತೆರಡು.

ಎರಡನೆಯ ಗೆರೆಯೂ ಅಡ್ಡವೇ ಬಂತು. ಹನ್ನೊಂದೂ ಐದು. ಪಿಪೆಟ್ಟು ಕುರ್ಚಿಯನ್ನು ಅವನ ಕಡೆ ತಿರುಗಿಸಿ, ದನಿ ತಗ್ಗಿಸಿ, “ಸರ್, ಬೇಜಾರು ಮಾಡ್ಕೋಬೇಡಿ. ಫ್ರೀಜರಿಂದ ಕೊನೇ ಸಲ ಯಾವಾಗ ತೆಗೆದದ್ದು?” ಎಂದಳು.

“ತೆಗೆದಿದೀನಿ ಮೊನ್ನೆ ಮೊನ್ನೆ.”

ಅವಳು ರಿಜಿಸ್ಟರು ತೆರೆಯಲಿಲ್ಲ. ಅದು ಮೇಜಿನ ಮೇಲೆ ಮುಚ್ಚಿಕೊಂಡು ಬಿದ್ದಿತ್ತು. ಅದರಲ್ಲಿ ಅವನ ಕೊನೆಯ ಸಹಿ ಬಿದ್ದು ಹನ್ನೊಂದು ವಾರವಾಗಿದೆ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನ ಕಣ್ಣೇ ಎರಡು ಸಲ ಅತ್ತ ಹೋಯಿತು. “ನೀವೇ ಹೇಳಿಕೊಟ್ಟದ್ದು ಸರ್ ನನಗೆ,” ಎಂದಳು. “ಇದು ಹೆಪ್ಪು ಹಾಕೋ ಹಾಲಲ್ಲ ಕಣಮ್ಮ, ನಿನ್ನೆಯ ಮೊಸರಿಂದ ಇವತ್ತಿನ ಮೊಸರು ಮಾಡೋಕೆ, ಪ್ರತಿಸಲ ಫ್ರೀಜರಿಂದಲೇ ಶುರು ಮಾಡು ಅಂತಿದ್ರಿ. ನಾನು ನೋಟ್‌ಬುಕ್ಕಿನಲ್ಲಿ ಬರ್ಕೊಂಡಿದೀನಿ.”

ಗುರುವಿಗೇ ತಿರುಮಂತ್ರ. ಹೇಳಿಕೊಟ್ಟಿದ್ದ, ಹೌದು, ಕಾರಣವನ್ನೂ ಹೇಳಿದ್ದ. ಯೀಸ್ಟಿಗೆ ಈ ಕೆಲಸ ಹುಟ್ಟುಗುಣವಲ್ಲ, ಹೊರಿಸಿದ ಹೊರೆ. ಫ್ಲಾಸ್ಕಿನಲ್ಲಿ ಎಲ್ಲೋ ಒಂದು ಯೀಸ್ಟು ಆ ಹೊರೆಯನ್ನು ಕೆಳಗೆ ಎಸೆಯುತ್ತದೆ. ಎಸೆದದ್ದಕ್ಕೆ ಮೈ ಹಗುರ, ಬೇಗ ಬೇಗ ಮರಿ ಹಾಕುತ್ತದೆ. ದುಡಿಯುವವು ಒಂದಾಗುವಷ್ಟರಲ್ಲಿ ಮೈಗಳ್ಳರು ನಾಲ್ಕಾಗುತ್ತಾರೆ. ವಾರಕ್ಕೊಮ್ಮೆ ಅದರಿಂದಲೇ ಚಮಚ ತೆಗೆದು ಹಾಕುತ್ತ ಹೋದರೆ ಕೊನೆಗೆ ಫ್ಲಾಸ್ಕಿನ ತುಂಬ ಅವರೇ, ನೋಡುವುದಕ್ಕೆ ಮೊದಲಿಗಿಂತ ದಷ್ಟಪುಷ್ಟ. ಎಂಥ ಹಸಿ ಟ್ರೈನಿಯೂ ಈ ತಪ್ಪು ಮಾಡುವುದಿಲ್ಲ. ಇದನ್ನು ಮಾಡುವುದಕ್ಕೆ ಹತ್ತು ವರ್ಷದ ಅನುಭವ ಬೇಕು, ಒಂದು ಬೀಗದಕೈಯನ್ನು ಕೇಳಲಾರದ ನಾಲಗೆ ಬೇಕು. ತಾನೇ ಕೈಯಾರೆ ಬೆಳೆಸಿದ ಖಾಲಿ ಯೀಸ್ಟಿನ ರಸವನ್ನು ಭಾನುವಾರ ಕಲಸಿ, ಡಬ್ಬಿಯಲ್ಲಿ ತುಂಬಿ, ಅದರ ಮೇಲೆ ನೀಲಿ ಇಂಕಿನಲ್ಲಿ ‘೨’ ಎಂದು ಬರೆದಿದ್ದ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವನು ಕೈಗವಸು ಕಳಚಿ, ಕೈ ತೊಳೆದು, ಒರೆಸಿಕೊಂಡ. ಟ್ಯೂಬುಗಳನ್ನು ಸಾಲಾಗಿ ಇಟ್ಟ. ಹನ್ನೊಂದೂ ಇಪ್ಪತ್ತಕ್ಕೆ, ಬೇರೆ ಏನೂ ಮಾಡುವುದಕ್ಕೆ ಉಳಿಯದಿದ್ದಾಗ, ಅವಳ ಬಾಗಿಲಲ್ಲಿ ನಿಂತು, “ಒಂದು ಫೋನು ಮಾಡ್ಬೇಕಿತ್ತು,” ಎಂದ. ದನಿ ತನ್ನದಲ್ಲ ಎನಿಸಿತು. ಅವಳು ಅರ್ಧ ಎದ್ದಳು.

“ಏನಾದ್ರೂ ತೊಂದ್ರೆನಾ ಸರ್?”

“ಮನೇಲಿ ಹುಷಾರಿಲ್ಲ.”

“ಅಕ್ಕನಿಗಾ?” ಎಂದು ಕಪಾಟು ತೆರೆಯುತ್ತ ಕೇಳಿದಳು. ಅವಳಿಗೆ ಅಕ್ಕ ನೆನಪಿದ್ದಾಳೆ ಎಂದು ಅವನು ಎಣಿಸಿರಲಿಲ್ಲ. ಟ್ರೈನಿಯಾಗಿದ್ದಾಗ ಒಮ್ಮೆ ಮನೆಗೆ ಬಂದು, ಪರದೆ ಎಳೆದ ಕೋಣೆಯಲ್ಲಿ ಕೂತು, ಅಕ್ಕನ ಬೈಗುಳ ಕೇಳುತ್ತ ಚಹಾ ಕುಡಿದು ಹೋಗಿದ್ದಳು. “ಈ ಕೆಲಸ ಮುಗಿದ ದಿನ ಮೊದಲ ಡಬ್ಬಿ ಅವರಿಗೇ ಕೊಡಬೇಕು ಅಂತ ನಾನು ಡೈರೆಕ್ಟರಿಗೆ ಆಗಲೇ ಹೇಳಿಟ್ಟಿದೀನಿ ಸರ್,” ಎಂದು ಫೋನನ್ನು ಎರಡೂ ಕೈಯಲ್ಲಿ ಕೊಟ್ಟಳು. ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು. ಅಷ್ಟು ದ್ವೇಷ ಅವನಿಗೆ ತನ್ನ ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ.

ಫೋನು ಮನೆಯಲ್ಲಿ ಹೊಡೆದುಕೊಂಡೇ ಹೊಡೆದುಕೊಂಡಿತು. ಖಾಲಿ ಅಡುಗೆಮನೆಯಲ್ಲಿ, ಬಲ್ಬಿನ ಕೆಳಗೆ, ಪಿನ್ನಿನ ಡಬ್ಬಿಯ ಪಕ್ಕ ಅದು ಅದುರುವುದು ಅವನಿಗೆ ಕಾಣಿಸುತ್ತಿತ್ತು. ಹೊರಗೆ ಹೋಗಿ ಅಭ್ಯಾಸವಿಲ್ಲದವಳಿಗೆ ಫೋನನ್ನು ಕೊಂಡೊಯ್ಯುವ ಅಭ್ಯಾಸ ಎಲ್ಲಿಂದ ಬರಬೇಕು? ಮೂರನೆಯ ಸಲಕ್ಕೆ ಕೈಬಿಟ್ಟು ಲ್ಯಾಬಿನ ಕೋಟಿನಲ್ಲೇ ಮೆಟ್ಟಿಲಿಳಿದ. ಬಸ್ಸು ಸಿಗ್ನಲ್ಲಿಗೊಮ್ಮೆ ನಿಂತಿತು. ನಿಂತಾಗಲೆಲ್ಲ ಅವನು ಮಾತು ಜೋಡಿಸಿದ. ಅಕ್ಕ, ಆ ಡಬ್ಬಿಯಲ್ಲಿ ಏನೂ ಇಲ್ಲ. ಅಷ್ಟೇ ಸಾಕು. ಕಾರಣ ಆಮೇಲೆ. ಅವಳು ಬೈಯುತ್ತಾಳೆ, ಬೈಯಲಿ, ನಡುಬೀದಿಯಲ್ಲಿ ಬೈಯಲಿ. ನೀರು ಬೆರೆಸಿದೀಯಾ ಅಂದಿರಲಿಲ್ವಾ ನಾನು, ಅನ್ನುತ್ತಾಳೆ. ಆ ಒಂದು ಮಾತನ್ನು ಅವಳು ಸಾಯುವವರೆಗೂ, ತಾನು ಸಾಯುವವರೆಗೂ ಹೇಳುತ್ತಲೇ ಇರುತ್ತಾಳೆ, ಉದ್ದದ ಚಪ್ಪಲಿ ಬಡಿಯುತ್ತ. ಸ್ಟಾಪು ಬಂದಾಗ ಬೇರೆ ಯಾರೋ ತಳ್ಳಿದ್ದರಿಂದ ಇಳಿದ.

ಚಪ್ಪಲಿ ಅಂಗಡಿಯ ಮುಂದೆ ರಸ್ತೆಯ ಬದಿಗೆ ಒಂದು ಕಬ್ಬಿಣದ ಬೆಂಚು. ಸುತ್ತ ಒಂದು ಮರವಿಲ್ಲ, ಮೇಲೆ ಒಂದು ತಗಡಿಲ್ಲ. ಹನ್ನೆರಡೂ ಹತ್ತರ ಬಿಸಿಲು ಎದುರಿನಿಂದ ಬೀಳುತ್ತಿತ್ತು. ಅಕ್ಕ ರವಿಕೆಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು, ಬರಿದಲೆಯಲ್ಲಿ, ಮುಖ ಮೇಲೆತ್ತಿ ಕೂತಿದ್ದಳು. ಹೀಗೆ ತುಂಬು ಬಿಸಿಲಿನಲ್ಲಿ ಅವಳನ್ನು ಅವನು ನೋಡಿದ್ದೇ ಇಲ್ಲ. ಕೂದಲು ಇಷ್ಟು ಬೆಳ್ಳಗಾಗಿದೆ ಎಂದು ಬಲ್ಬಿನ ಬೆಳಕು ಹೇಳಿರಲಿಲ್ಲ. ಕಾಲಲ್ಲಿ ಕೆಂಪು ಪಟ್ಟಿಯ ಹೊಸ ಚಪ್ಪಲಿ. ಹಳೆಯ ಜೊತೆ ತೊಡೆಯ ಮೇಲೆ ಪೇಪರಿನಲ್ಲಿ.

“ಬಂದ್ಯಾ?” ಎಂದಳು. ಯಾಕೆ ಬಂದೆ ಎಂದು ಕೇಳಲಿಲ್ಲ. “ಐದನೇ ನಂಬರು ಕಣೋ ನನ್ನ ಕಾಲು. ಇಷ್ಟು ವರ್ಷ ಆರು ತಂದು ಕೊಡ್ತಿದ್ದೆ. ಹನ್ನೆರಡು ಜೊತೆ ಹಾಕಿ ನೋಡ್ದೆ. ಅಂಗಡಿಯವಳು, ಅಮ್ಮಾ ಇದು ಮ್ಯೂಸಿಯಮ್ಮಲ್ಲ, ತಗೊಳ್ಳೋದಾದ್ರೆ ತಗೊಳ್ಳಿ ಅಂದ್ಲು. ನಾನು ಬಿಡ್ತೀನಾ? ಚೆನ್ನಾಗಿ ಬೈದು ಹದಿಮೂರನೇದನ್ನೂ ತೆಗೆಸ್ದೆ.” ನಕ್ಕಳು. ಎಡಗಣ್ಣಿನ ಮಂಜು ಬಿಸಿಲಿಗೆ ಹೊಳೆಯಿತು.

“ಅಕ್ಕ, ನಡಿ, ಒಳಗೆ ಹೋಗೋಣ.”

“ಯಾಕೆ?”

“ಬಿಸಿಲು ಜಾಸ್ತಿಯಾಯ್ತು.”

“ಆಗಲಿ ಬಿಡು. ಜಾಸ್ತಿ ಆಗ್ಲಿ ಅಂತಾನೇ ಕೂತಿದೀನಿ.” ಪಕ್ಕದಲ್ಲಿ ಜಾಗ ಬಡಿದು ತೋರಿಸಿದಳು. ಅವನು ಕೂರಲಿಲ್ಲ. ಅವಳ ಮುಖಕ್ಕೆ ಅಡ್ಡವಾಗಿ, ತನ್ನ ನೆರಳು ಅವಳ ಹಣೆಯಿಂದ ಕತ್ತಿನವರೆಗೆ ಬೀಳುವಂತೆ ನಿಂತ. ಕೋಟಿನ ಗುಂಡಿ ಬಿಚ್ಚಿ ಎರಡೂ ಅಂಚುಗಳನ್ನು ಅಗಲಿಸಿ ಹಿಡಿದ. ಬಸ್ಸಿನಲ್ಲಿ ಜೋಡಿಸಿದ ಮಾತು ನಾಲಗೆಯ ತುದಿಯಲ್ಲೇ ಇತ್ತು.

“ಬೆಳಿಗ್ಗೆ ನೀರು ಬೆರೆಸಿದೀಯಾ ಅಂದೆ,” ಎಂದಳು ಅಕ್ಕ, ಚಪ್ಪಲಿಯ ಪಟ್ಟಿಯನ್ನು ನೋಡುತ್ತ. “ಅನ್ನಬಾರದಿತ್ತು. ನನ್ನ ಬಾಯಿ ಸರಿಯಿಲ್ಲ.” ಪಟ್ಟಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. “ಅವತ್ತು ಗಾಳಿ ಇರಲಿಲ್ಲ ಕಣೋ.”

ಅವನಿಗೆ ಅರ್ಥವಾಯಿತು. ಆದರೂ, “ಯಾವತ್ತು?” ಎಂದ.

“ಪರದೆ ಸರಿದ ದಿನ. ಒಂದು ಎಲೆಯೂ ಅಲ್ಲಾಡ್ತಿರಲಿಲ್ಲ. ನನಗೆ ಎಚ್ಚರ ಆಗಿತ್ತು, ನೀನು ಎಣಿಸ್ತಿದ್ದದ್ದು ಕೇಳಿಸ್ತು. ಏನೋ ಆಟ ಅಂದ್ಕೊಂಡು ಕಣ್ಣು ಬಿಡಲಿಲ್ಲ, ಹಾಗೇ ಮತ್ತೆ ನಿದ್ದೆ ಹತ್ತಿಬಿಡ್ತು.” ಅವಳು ಕೈಯನ್ನು ಬಿಸಿಲಿಗೆ ಚಾಚಿ ಬೆರಳುಗಳನ್ನು ಅಗಲಿಸಿದಳು. “ನಲವತ್ತು ವರ್ಷ ಇದನ್ನ ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮೇಲೆ ಹರಿಹಾಯ್ದೆ. ಇವತ್ತು ಈ ಬೆಂಚಿನ ಮೇಲೆ ಕೂತಾಗ ಅನ್ನಿಸ್ತು, ಕಿತ್ತುಕೊಂಡವನೇ ತಂದು ಕೊಟ್ಟ, ತೀರಿಹೋಯ್ತು. ಇನ್ನು ನಿನ್ನ ಮೇಲೆ ನನಗೇನೂ ಇಲ್ಲ.”

ಅಂಗಡಿಯವಳು ಬಾಗಿಲಿಗೆ ಬಂದು ಒಂದು ಬಕೆಟ್ಟು ನೀರನ್ನು ರಸ್ತೆಗೆ ಎರಚಿ ಹೋದಳು. ನೀರು ನೋಡುನೋಡುತ್ತಿದ್ದಂತೆ ಆರಿತು. ಅಕ್ಕನ ಬಲಗಿವಿಯ ಹಾಲೆಯ ಕೆಳಗೆ, ಬೆರಳುಗುರಿನಷ್ಟು ಅಗಲಕ್ಕೆ, ಚರ್ಮ ಆಗಲೇ ಕೆಂಪಾಗಿತ್ತು. ಅವಳಿಗೆ ಅದು ಬಿಸಿಲಿನ ಹಿತವಾದ ಬಿಸಿ ಎಂದೇ ಅನ್ನಿಸುತ್ತಿರಬೇಕು. ಈಗಲೂ ಒಳಗೆ ಕರೆದುಕೊಂಡು ಹೋದರೆ, ತಣ್ಣೀರು ಹಾಕಿದರೆ, ಕಣ್ಣಿಗೆ ಬಟ್ಟೆ ಕಟ್ಟಿದರೆ, ಅರ್ಧವಾದರೂ ಉಳಿದೀತು.

“ಯಾಕೋ ಹಾಗೆ ಕಂಬದ ಥರ ನಿಂತೆ?” ಎಂದಳು. “ನೀನು ಮಾಡಿದ ಕ್ರೀಮಿನ ಮೇಲೆ ನಿನಗೇ ನಂಬಿಕೆ ಇಲ್ವಾ?”

“ಇದೆ,” ಎಂದ.

“ಮತ್ತೆ? ಸ್ವಲ್ಪ ಆ ಕಡೆ ಹೋಗು. ನೆರಳು ಬೀಳ್ತಿದೆ.”

ಅವನು ಕೋಟಿನ ಅಂಚುಗಳನ್ನು ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.